ನೋವು ಶಿಕ್ಷೆಯೇ?

ಪಾಪ ಮಾಡಿದವರಿಗೆ ರೋಗ ಬರುತ್ತದೆ ಎಂಬ ನಂಬಿಕೆ ಬಹಳ ಹಳೆಯದು. ಅದರ ಭಾರ ಹೊತ್ತವರಲ್ಲಿ ಕುಷ್ಠರೋಗಿಗಳೇ ಮೊದಲಿಗರು. ನಮ್ಮಲ್ಲಿ ಆ ರೋಗವನ್ನು ಪೂರ್ವಜನ್ಮದ ಕರ್ಮಫಲ ಎಂದರು. ಬೈಬಲ್ಲಿನ ಹಳೆಯ ಒಡಂಬಡಿಕೆ ಅಂಥ ರೋಗಿ ಪಾಳೆಯದ ಹೊರಗಿರಬೇಕೆಂದು ವಿಧಿಸಿತು. 1873ರಲ್ಲಿ ನಾರ್ವೆಯ ಹ್ಯಾನ್ಸನ್ ರೋಗಾಣುವನ್ನು ಗುರುತಿಸಿದ ಮೇಲೂ ರೋಗಿಗಳಿಗೆ ಊರಾಚೆಯ ಬದುಕು ತಪ್ಪಲಿಲ್ಲ. ಈ ನಂಬಿಕೆಯ ಬುಡವನ್ನೇ ಅಲುಗಿಸುವ ಉತ್ತರವನ್ನು ವೆಲ್ಲೂರಿನ ಕ್ರಿಶ್ಚಿಯನ್ ಮೆಡಿಕಲ್ ಕಾಲೇಜು ಕೊಟ್ಟಿತು ಎಂಬುದು ನನ್ನ ವಾದ.

1900ರಲ್ಲಿ ಐಡಾ ಸ್ಕಡ್ಡರ್ ಒಂದೇ ಹಾಸಿಗೆಯ ಚಿಕಿತ್ಸಾಲಯವಾಗಿ ಆರಂಭಿಸಿದ ಈ ಸಂಸ್ಥೆಯಲ್ಲಿ 1918ರಿಂದ ಹೆಣ್ಣುಮಕ್ಕಳು ವೈದ್ಯವಿದ್ಯೆ ಕಲಿತರು. 1946ರಲ್ಲಿ ಇಲ್ಲಿಗೆ ಬಂದ ಶಸ್ತ್ರವೈದ್ಯ ಪಾಲ್ ಬ್ರಾಂಡ್, ಚೆಂಗಲ್‌ಪಟ್ಟಿನ ಕುಷ್ಠಧಾಮದಲ್ಲಿ ಬೆರಳು ಮುರುಟಿದ ರೋಗಿಯೊಬ್ಬನ ಕೈಯೊಳಗೆ ತಮ್ಮ ಕೈಯಿಟ್ಟು ಹಿಸುಕಲು ಹೇಳಿದರು. ಹಿಡಿತ ನೋವಾಗುವಷ್ಟು ಬಿಗಿಯಾಗಿತ್ತು. ಅಂದರೆ ಮುಂಗೈಯ ಸ್ನಾಯುಗಳಿಗೆ ಏನೂ ಆಗಿರಲಿಲ್ಲ. ಆರೋಗ್ಯವಾಗಿದ್ದ ಸ್ನಾಯುರಜ್ಜುಗಳನ್ನು ಬೇರೆಡೆ ಜೋಡಿಸಿ ಬೆರಳು ಬಿಡಿಸುವ ಶಸ್ತ್ರಕ್ರಿಯೆಗೆ ಅದೇ ದಾರಿಯಾಯಿತು. ಮುಂದೆ ಇನ್ನೊಂದು ಸತ್ಯವೂ ಹೊರಬಿತ್ತು. ಬೆರಳುಗಳು ರೋಗದಿಂದ ತಾವಾಗಿ ಕೊಳೆತು ಉದುರುವುದಿಲ್ಲ. ನರಗಳು ಸ್ಪರ್ಶಜ್ಞಾನ ಕಳೆದುಕೊಂಡಿರುವುದರಿಂದ ಬಿಸಿ ಪಾತ್ರೆ ಸುಟ್ಟರೂ, ಇರುಳಲ್ಲಿ ಇಲಿ ಕಚ್ಚಿದರೂ ರೋಗಿಗೆ ತಿಳಿಯುವುದಿಲ್ಲ. ಗಾಯ ಕೀವಾಗಿ ಬೆರಳನ್ನು ನುಂಗುತ್ತದೆ. ನೋವು ಶಿಕ್ಷೆಯಾಗಿದ್ದರೆ ಅದಿಲ್ಲದವನು ಪುಣ್ಯವಂತನಾಗಬೇಕಿತ್ತು. ಇಲ್ಲಿ ನೋವಿಲ್ಲದಿರುವುದೇ ಅಂಗವನ್ನು ಕಳೆಯಿತು.

ಹಾಗಾದರೆ ನೋವನ್ನು ವರವೆಂದು ಕೊಂಡಾಡಬೇಕೇ ಎಂದು ಕೇಳಬಹುದು. ಬೇಡ. ಮುಂದುವರಿದ ಕ್ಯಾನ್ಸರಿನ ನೋವು ಯಾರನ್ನೂ ಕಾಯುವುದಿಲ್ಲ. ಅದನ್ನು ತಗ್ಗಿಸುವುದೇ ಧರ್ಮ. ನನ್ನ ಮಾತು ಇಷ್ಟೇ: ನೋವು ದೇಹದ ವ್ಯವಸ್ಥೆ, ಅದರಿಂದ ಯಾರ ನಡತೆಯನ್ನೂ ಅಳೆಯಲಾಗದು. ಕರ್ಮಸಿದ್ಧಾಂತ ನಿಷ್ಕರುಣೆಯನ್ನು ಬೋಧಿಸುವುದಿಲ್ಲ ಎಂಬ ಆಕ್ಷೇಪವೂ ನ್ಯಾಯವಾದದ್ದೇ. ಆದರೆ ತನ್ನ ಕಷ್ಟವನ್ನು ಸಹಿಸಲು ಒಬ್ಬ ಕರ್ಮವನ್ನು ನೆನೆಯುವುದು ಬೇರೆ, ಪಕ್ಕದವನ ಹುಣ್ಣು ನೋಡಿ ಅವನ ಪಾಪವನ್ನು ಊಹಿಸುವುದು ಬೇರೆ. ಎರಡನೆಯದಕ್ಕೆ ಯಾವ ಆಧಾರವೂ ಇಲ್ಲ. ಇನ್ನು, ಮಿಷನ್ ಆಸ್ಪತ್ರೆಯ ಸೇವೆಗೆ ಮತದ ಉದ್ದೇಶವಿತ್ತಲ್ಲವೇ ಎನ್ನುವವರಿದ್ದಾರೆ. ಸ್ಥಾಪಕರ ಪ್ರೇರಣೆ ಧಾರ್ಮಿಕವೇ, ಅದನ್ನು ಮರೆಮಾಚಬೇಕಿಲ್ಲ. ಆದರೆ ನರದ ಬಗ್ಗೆ ಅಲ್ಲಿ ಕಂಡ ಸತ್ಯ ಯಾವ ಮತದವರ ಕೈಗೂ ಒಂದೇ.

ಕರುಣೆ ಎಲ್ಲ ಧರ್ಮಗಳಲ್ಲೂ ಇತ್ತು. ಅದಕ್ಕೆ ಅರಿವಿನ ಜೊತೆ ಬೇಕಿತ್ತು. ಕಲಿಸುವ ಆಸ್ಪತ್ರೆಯ ಹಿರಿಮೆ ಇರುವುದು ಈ ಜೊತೆಯಲ್ಲಿ. 1954ರ ಅಪಘಾತದಲ್ಲಿ ಸೊಂಟದ ಕೆಳಗೆ ಸ್ವಾಧೀನ ಕಳೆದುಕೊಂಡ ವೆಲ್ಲೂರಿನ ಡಾ. ಮೇರಿ ವರ್ಗೀಸ್, ಗಾಲಿಕುರ್ಚಿಯಲ್ಲಿ ಕುಳಿತೇ ಕುಷ್ಠರೋಗಿಗಳ ಕೈಗಳಿಗೆ ಶಸ್ತ್ರಕ್ರಿಯೆ ಮಾಡಿದರು, ಬಳಿಕ ಪುನರ್ವಸತಿ ವಿಭಾಗವನ್ನೂ ಕಟ್ಟಿದರು. ಈ ನೋವು ಏಕೆ ಬಂತು ಎಂಬ ಪ್ರಶ್ನೆಗೆ ತತ್ತ್ವಶಾಸ್ತ್ರ ಉತ್ತರ ಹುಡುಕುತ್ತಿರಲಿ. ಆದರೆ ನರಳುವವನ ಮುಂದೆ ನಿಂತಾಗ, ಈಗ ಏನು ಮಾಡಬಲ್ಲೆವು ಎಂಬ ಪ್ರಶ್ನೆಯೇ ಮೊದಲು ಬರಬೇಕು.