ಒಂದು ದಿನದ ಮಳೆ

"ಅಲ್ಲಿ ಮಳೆ ಹ್ಯಾಗಿದೆಯೋ?" ಫೋನಿನಲ್ಲಿ ಅಮ್ಮನ ಮೊದಲ ಪ್ರಶ್ನೆ ಯಾವಾಗಲೂ ಇದೇ. ತೀರ್ಥಹಳ್ಳಿ ಕಡೆಯವಳು, ಮಳೆ ವಿಚಾರಿಸಿದರೆ ಮಗನನ್ನು ವಿಚಾರಿಸಿದ ಹಾಗೇ. "ಇವತ್ತು ಜೋರು. ಈ ಊರಲ್ಲಿ ಚಳಿ ಅನ್ನೋದೇ ಇಲ್ಲ ಬಿಡು" ಅಂತಿದ್ದೆ ನಾನು, ದಾದರಿನ ಚಾಳಿನಿಂದ. ಇದರಲ್ಲಿ ಎರಡು ಬೇರೆ ಮಾತುಗಳಿವೆ. ಇವತ್ತಿನ ಜೋರು ಮಳೆ ಹವಾಮಾನ. ಚಳಿಯಿಲ್ಲ ಅನ್ನೋದು ವಾಯುಗುಣ, ಸುಮಾರು ಮೂವತ್ತು ವರ್ಷದ ಲೆಕ್ಕ ನೋಡಿ ಹೇಳುವ ಮಾತು. ಒಂದು ದಿನಕ್ಕೆ ಗುಣ ಎಂಬ ಹೆಸರು ಸಲ್ಲದು ಅಂತ ನಮ್ಮ ಮೇಷ್ಟರು ಶಾಲೆಯಲ್ಲೇ ಹೇಳಿದ್ದರು.

26 ಜುಲೈ 2005, ಮಂಗಳವಾರ. ಸಾಂತಾಕ್ರೂಜ್‌ನಲ್ಲಿ 24 ಗಂಟೆಯಲ್ಲಿ 944 ಮಿಲಿಮೀಟರ್ ಮಳೆ. ಬೆಂಗಳೂರಿಗೆ ವರ್ಷವಿಡೀ ಬೀಳುವುದು ಹೆಚ್ಚುಕಡಿಮೆ ಅಷ್ಟೇ! ಅದೇ ದಿನ, ಅದೇ ಊರಿನ ಕೊಲಾಬಾದಲ್ಲಿ ಬಿದ್ದದ್ದು ಬರೀ 73ರಷ್ಟು. ದಾದರ್ ಇವೆರಡರ ನಡುವೆ. ಸಮುದ್ರಕ್ಕೆ ಭರತಿ, ಗಟಾರದ ನೀರಿಗೆ ಹೋಗಲು ದಾರಿಯಿಲ್ಲ. ಸಣ್ಣ ಮಳೆಗೇ ಕೆರೆಯಾಗುವ ಹಿಂದ್‌ಮಾತಾ ಆವತ್ತು ಕೇಳುವುದೇ ಬೇಡ. ಲೋಕಲ್ ನಿಂತು, ಜನ ಹಳಿಯ ಮೇಲೆ ನಡೆದು ಮನೆಗೆ ಹೊರಟಿದ್ದರು.

ರಾತ್ರಿ ಹತ್ತಕ್ಕೆ ಬಾಗಿಲು ಬಡಿದ ಸದ್ದು. ಗಂಡಸಿನ ದನಿ, ಹಿಂದೆ ಮಗುವಿನ ಅಳು. ಕರೆಂಟಿರಲಿಲ್ಲ, ನಾನೊಬ್ಬನೇ ಇದ್ದೆ. ಯಾರೋ ಏನೋ ಅಂತ ಉಸಿರು ಬಿಗಿಹಿಡಿದು ಕೂತೆ. ಸ್ವಲ್ಪ ಹೊತ್ತಿಗೆ ಹೆಜ್ಜೆಗಳು ಮೆಟ್ಟಿಲಿಳಿದವು. ಎಲ್ಲಿಗೆ ಇಳಿದವು? ಕೆಳಗೆ ಸೊಂಟದ ಮಟ್ಟ ನೀರು.

ಮರುದಿನದಿಂದ ಎಲ್ಲರ ಬಾಯಲ್ಲೂ ಮುಂಬಯಿಯ ದೊಡ್ಡ ಮನಸ್ಸಿನದೇ ಮಾತು. ಗುರುತಿಲ್ಲದವರನ್ನು ಮನೆಯಲ್ಲಿ ಮಲಗಿಸಿದರಂತೆ, ರಸ್ತೆಯಲ್ಲಿ ನಿಂತು ಚಹಾ-ಬಿಸ್ಕತ್ತು ಹಂಚಿದರಂತೆ. ನಾನೂ ತಲೆಯಾಡಿಸಿದೆ.

ಆಮೇಲೆ ಬಹಳ ವರ್ಷ ಮೇಷ್ಟರ ಪಾಠವನ್ನೇ ಹಿಡಿದುಕೊಂಡಿದ್ದೆ. ಅದೊಂದು ರಾತ್ರಿಯ ಹವಾಮಾನ, ನನ್ನ ಗುಣ ಅಂಥದ್ದಲ್ಲ. ಎಷ್ಟೋ ಜನಕ್ಕೆ ಊಟ ಹಾಕಿದ್ದೇನೆ, ಊರಿನಿಂದ ಬಂದ ಹುಡುಗರಿಗೆ ಜಾಗ ಕೊಟ್ಟಿದ್ದೇನೆ. ಆದರೆ ಸರಾಸರಿ ತೆಗೆಯುವವರು ಆ 944ನ್ನು ಅಪರೂಪದ್ದು ಅಂತ ಹೊರಗಿಡುವುದಿಲ್ಲವಲ್ಲ! 1991ರಿಂದ 2020ರ ಲೆಕ್ಕದೊಳಗೆ ಅದೂ ಇದೆ, ಬಿಸಿಲಿನ ಸಾವಿರಾರು ದಿನಗಳ ಜೊತೆಗೇ. ಮೇಲಾಗಿ, ಊಟ ಹಾಕಿದ್ದೆಲ್ಲ ನನಗೆ ಭಯವಿಲ್ಲದ ದಿನಗಳಲ್ಲಿ. ಕೊಲಾಬಾದ ಮಳೆ ಅಳೆದು ಸಾಂತಾಕ್ರೂಜ್‌ನದು ಹೇಳಿದ ಹಾಗೆ.

ಆ ವಾರ ಫೋನು ಸಿಕ್ಕಿದಾಗ ಅಮ್ಮ ಮಳೆ ಕೇಳಲಿಲ್ಲ, ಟೀವಿಯಲ್ಲಿ ನೋಡಿದ್ದಳು. ಮಳೆಗಾಲದಲ್ಲಿ ನೆನೆದು ಬಂದವರಿಗೆ ಮೊದಲು ಒಣಬಟ್ಟೆ, ಆಮೇಲೆ ಹೆಸರು ಕೇಳುವವಳು ಅವಳು.

"ಪಾಪ, ಮನೆಗೆ ಯಾರಾದ್ರೂ ಬಂದಿದ್ರೇನೋ ಆವತ್ತು?"

"ಇಲ್ಲಮ್ಮ, ಯಾರೂ ಬರ್ಲಿಲ್ಲ" ಅಂದೆ.