ಪೊರೆ ಯಾರ ರಕ್ಷಣೆಗೆ?



ಕೀಳ್ ಕೋತಗಿರಿಯಲ್ಲಿ ತೋಟದ ಮಾತು ಬಂದರೆ ಕಾಡುಹಂದಿಯ ಕಾಟ, ಅಲ್ಲಿಂದ ಕೋವಿಯ ಮಾತು. ನಮ್ಮಲ್ಲಿ ಪರವಾನಗಿಯಿಲ್ಲದೆ ಗುಂಡು ತಯಾರಿಸಲು 1959ರ ಆಯುಧ ಕಾಯ್ದೆಯೂ, ಮನಬಂದಂತೆ ಬೇಟೆಯಾಡಲು 1972ರ ವನ್ಯಜೀವಿ ಕಾಯ್ದೆಯೂ ಬಿಡುವುದಿಲ್ಲ. ಅಮೆರಿಕದಲ್ಲಾದರೋ ಹಲವರು ಮನೆಯಲ್ಲೇ ಸೀಸ ಕರಗಿಸಿ ಗುಂಡು ಎರಕಹೊಯ್ದು, ಉಕ್ಕಿನ ಬೀರುಗಳಿಗೆ ಮಾಡುವಂತೆ ಪೌಡರ್ ಕೋಟಿಂಗ್ ಮಾಡುತ್ತಾರೆ. ಪುಡಿ ಸುಮಾರು 200 ಡಿಗ್ರಿ ಸೆಲ್ಸಿಯಸ್ ಶಾಖದಲ್ಲಿ ಕರಗಿ ಗಟ್ಟಿ ಪೊರೆಯಾಗುತ್ತದೆ. ನಳಿಗೆಗೆ ಸೀಸ ಮೆತ್ತುವುದಿಲ್ಲ, ಮುಟ್ಟುವವರ ಕೈಗೂ ಹತ್ತುವುದು ಕಡಿಮೆ.

ಜಾಣತನವೇ ಸರಿ. ಆದರೆ ಲೆಕ್ಕ ಬರೆಯುವ ನನಗೆ, ಈ ಖರ್ಚು ಯಾರ ಖಾತೆಗೆ ಹೋಯಿತೆಂಬ ಚಿಂತೆ. ಗುರಿಯಭ್ಯಾಸದ ಮಾತು ಬೇರೆ. ಬೇಟೆಯಲ್ಲಿ ಸೀಸದ ಗುಂಡು ಮೃಗದೊಳಗೆ ಚೂರಾದರೆ ಪೊರೆಯಿಂದ ಪ್ರಯೋಜನವಿಲ್ಲ. ಬಿಸಾಡಿದ ಕರುಳಿನೊಡನೆ ಸೀಸವೂ ಹದ್ದಿನ ಹೊಟ್ಟೆ ಸೇರುತ್ತದೆ. ಕಾಂಡೋರ್ ಎಂಬ ಅಪರೂಪದ ಹದ್ದುಗಳು ಹೀಗೆ ಸತ್ತದ್ದರಿಂದಲೇ ಕ್ಯಾಲಿಫೋರ್ನಿಯಾದಲ್ಲಿ 2019ರಿಂದ ಬೇಟೆಗೆ ಸೀಸದ ಗುಂಡು ಪೂರ್ಣ ನಿಷಿದ್ಧ.

ಕೊಡನಾಡಿನ ಅಂಚಿನಲ್ಲಿ ನಿಂತರೆ ಕಾಣುವ ಮೋಯಾರ್ ಕಣಿವೆಯಲ್ಲಿ ನಮ್ಮ ರಣಹದ್ದುಗಳೂ ಇವೆ. ದನದ ನೋವಿಗೆಂದು ಕೊಟ್ಟ ಡೈಕ್ಲೋಫೆನಾಕ್, ಸತ್ತ ದನವನ್ನು ತಿಂದ ಹದ್ದುಗಳಿಗೆ ವಿಷವಾಯಿತು. 2006ರಲ್ಲಿ ಪಶುಗಳಿಗೆ ಅದನ್ನು ಕೊಡುವುದು ನಿಷೇಧವಾಯಿತು. ದನ ಸಾಕಿದವನು ಅರಿಯದೆ ಕೊಟ್ಟಿದ್ದ; ಅವನನ್ನು ದೂರಲಾರೆ. ಕೈಗೆ ಹತ್ತದಿರಲೆಂದು ಸೀಸಕ್ಕೆ ಪೊರೆ ಹಚ್ಚಿ, ಅದನ್ನೇ ಕಾಡಿನತ್ತ ಹಾರಿಸುವವನನ್ನು ಅರಿಯದವನೆನ್ನಲು ನನಗೆ ಬಾಯಿ ಬರುವುದಿಲ್ಲ.