ಹಾಡಿದರೆ ಸಾಕೇ?

ಮಾಡಿದ ಕೆಲಸ ಸರಿಯಾಗಿದೆ ಎಂದು ಹೇಳುವ ಹಕ್ಕು ನಮಗೆ ಯಾವಾಗ ಬರುತ್ತದೆ? ವಸ್ತು ಮತ್ತೆ ನಡೆಯತೊಡಗಿದಾಗಲೇ? ಗಿರಾಕಿ ಸಂತೋಷದಿಂದ ಹಣ ಕೊಟ್ಟು ಹೋದಾಗಲೇ? ಈ ಪ್ರಶ್ನೆಯನ್ನು ನಾನು ಪುಸ್ತಕದಲ್ಲಿ ಓದಿದ್ದಲ್ಲ. ಉಚ್ಚಿಲದ ಹೆದ್ದಾರಿ ಬದಿಯ ಒಂದು ರೇಡಿಯೋ ರಿಪೇರಿ ಅಂಗಡಿಯಲ್ಲಿ, 25 ವ್ಯಾಟಿನ ಒಂದು ಸೋಲ್ಡರಿಂಗ್ ಐರನ್ ನನಗೆ ಕಲಿಸಿದ್ದು.

1990ರ ದಶಕದ ಕೊನೆಯ ವರ್ಷಗಳು. ಇಂದಿನ 66ನೇ ಹೆದ್ದಾರಿಗೆ ಆಗ 17 ಎಂಬ ಸಂಖ್ಯೆ ಇತ್ತು. ಪಿಯುಸಿ ರಜೆಯಲ್ಲಿ ನಾನು ಆ ಅಂಗಡಿಗೆ ಹೋಗುತ್ತಿದ್ದೆ. ಅದರ ಯಜಮಾನರನ್ನು ನಾವು ಉಸ್ತಾದ್ ಎನ್ನುತ್ತಿದ್ದೆವು. ಗಲ್ಫಿನಿಂದ ಬಂದ ಟೇಪ್ ರೆಕಾರ್ಡರುಗಳು, ಮದುವೆ ಮನೆಯ ಆಂಪ್ಲಿಫೈಯರುಗಳು, ಮೀನುಗಾರರ ಟ್ರಾನ್ಸಿಸ್ಟರುಗಳು ಅಲ್ಲಿ ರಾಶಿ ಬಿದ್ದಿರುತ್ತಿದ್ದವು. ನಮ್ಮ ಕರಾವಳಿಯಲ್ಲಿ ಇಂಥ ಅಂಗಡಿಗಳಿಗೆ ಕೆಲಸದ ಬರ ಬರುವುದಿಲ್ಲ. ಕಡಲಿನಿಂದ ಬೀಸುವ ಉಪ್ಪುಗಾಳಿ ತಾಮ್ರದ ತಂತಿಯನ್ನು ಹಸಿರುಗಟ್ಟಿಸುತ್ತದೆ, ಬ್ಯಾಟರಿಯ ಸ್ಪ್ರಿಂಗನ್ನು ತಿಂದು ಹಾಕುತ್ತದೆ.

ಒಂದು ಮಧ್ಯಾಹ್ನ ಉಸ್ತಾದ್ ನಮಾಝಿಗೆ ಹೋಗಿದ್ದರು. ಹಿರಿಯ ಮೊಗವೀರರೊಬ್ಬರು ಸದ್ದಿಲ್ಲದ ಟ್ರಾನ್ಸಿಸ್ಟರ್ ತಂದರು. ದೋಣಿಯಲ್ಲಿ ಜೊತೆಗೇ ಇರುತ್ತಿದ್ದ ರೇಡಿಯೋ. ಮಂಗಳೂರು ಆಕಾಶವಾಣಿಯಲ್ಲಿ ಹವಾಮಾನದ ಸುದ್ದಿ ಕೇಳಲು ಅದು ಬೇಕಿತ್ತು. ತೆರೆದು ನೋಡಿದೆ. ಬ್ಯಾಟರಿಯ ತಂತಿ ಕಿತ್ತು ಬಂದಿತ್ತು. ಇಷ್ಟೇ ತಾನೇ ಎಂದುಕೊಂಡು ಐರನ್ನಿನ ತುದಿಗೆ ಸ್ವಲ್ಪ ಸೀಸ ಹತ್ತಿಸಿ, ಅದನ್ನು ಒಯ್ದು ತಂತಿಯ ಮೇಲೆ ಮೆತ್ತಿದೆ. ರೇಡಿಯೋ ಹಾಡಿತು. ಅವರ ಮುಖ ಅರಳಿತು. ಹತ್ತು ರೂಪಾಯಿ ತೆಗೆದುಕೊಂಡೆ.

ಬೆಸುಗೆ ಬಲ್ಲವರಿಗೆ ನಾನು ಮಾಡಿದ ತಪ್ಪು ಈಗಾಗಲೇ ತಿಳಿದಿರಬೇಕು. ಸೀಸವನ್ನು ಕರಗಿಸಿ ಮೆತ್ತುವುದು ಬೆಸುಗೆಯಲ್ಲ. ಕೂಡಬೇಕಾದ ಎರಡನ್ನೂ, ಎಂದರೆ ತಂತಿಯನ್ನೂ ಅದು ಕೂರುವ ಲೋಹವನ್ನೂ, ಮೊದಲು ಒಟ್ಟಿಗೆ ಕಾಯಿಸಬೇಕು. ತಂತಿಯ ಮೇಲಿನ ಕಿಲುಬನ್ನು ಕೆರೆದು ತೆಗೆದಿರಬೇಕು. ಸೀಸದ ಸರಿಗೆಯೊಳಗಿನ ರಾಳ ಉಳಿದ ತೆಳು ಪೊರೆಯನ್ನು ಕಳೆಯುತ್ತದೆ. ಆಗ ಸೀಸ ತಾನಾಗಿ ಕರಗಿ, ಎಲೆಯ ಮೇಲೆ ಎಣ್ಣೆ ಹರಡಿದಂತೆ ಹರಡಿ, ಎರಡನ್ನೂ ಹಿಡಿದುಕೊಳ್ಳುತ್ತದೆ. ಆರುವವರೆಗೆ ಕೈ ಅಲುಗಬಾರದು. ಲೋಹ ಕಾಯದಿದ್ದರೆ ಸೀಸ ಉಂಡೆಗಟ್ಟಿ ಮೇಲೆ ಕೂರುತ್ತದೆ, ಒಳಗೆ ಹಿಡಿದಿರುವುದಿಲ್ಲ. ಇದನ್ನು ‘ಕೋಲ್ಡ್ ಜಾಯಿಂಟ್’ ಎನ್ನುತ್ತಾರೆ, ತಣ್ಣನೆಯ ಬೆಸುಗೆ. ತಮಾಷೆಯೆಂದರೆ ಇದರಲ್ಲೂ ವಿದ್ಯುತ್ ಹರಿಯುತ್ತದೆ. ಕೆಲವು ದಿನ, ಕೆಲವೊಮ್ಮೆ ಕೆಲವು ವರ್ಷ.

ಆ ರೇಡಿಯೋ ಮೂರನೆಯ ದಿನ ಕಡಲಲ್ಲಿ ಸತ್ತಿತು. ಗಾಳಿಯ ಮುನ್ಸೂಚನೆ ಕೇಳಿದ ಬೇರೆ ದೋಣಿಗಳು ಸಂಜೆಯೊಳಗೆ ದಡ ಸೇರಿದವು. ಇವರ ದೋಣಿ ಮುಟ್ಟುವಾಗ ರಾತ್ರಿಯಾಗಿತ್ತು. ಅಷ್ಟು ಹೊತ್ತೂ ಆ ಮನೆಯ ಹೆಂಗಸರು ಮರಳಿನಲ್ಲಿ ನಿಂತಿದ್ದರಂತೆ. ದೇವರ ದಯೆ, ಯಾರಿಗೂ ಏನೂ ಆಗಲಿಲ್ಲ. ಮರುದಿನ ಅವರು ಬಂದರು. ಸಿಟ್ಟು ಮಾಡಲಿಲ್ಲ. “ಅಂಗಡಿಯಲ್ಲಿ ಸರಿ ಇತ್ತಲ್ಲ ಮಾರಾಯ, ಕಡಲಿಗೆ ಹೋದದ್ದೇ ಯಾಕೆ ಹಾಳಾದದ್ದು?” ಎಂದು ಕೇಳಿದರು, ಅಷ್ಟೇ. ಉಸ್ತಾದ್ ಮುಚ್ಚಳ ತೆಗೆದು ಚಿಮುಟದಿಂದ ಮುಟ್ಟಿದರು. ನನ್ನ ಬೆಸುಗೆ ಒಣಗಿದ ಗಾಯದ ಹಕ್ಕಳೆಯಂತೆ ಎದ್ದು ಬಂತು.

ನಾನು ಸುಳ್ಳು ಹೇಳಿದ್ದೆನೇ? ಇಲ್ಲ. ಮೋಸದ ಉದ್ದೇಶ ಇತ್ತೇ? ಅದೂ ಇಲ್ಲ. ಗೊತ್ತಿಲ್ಲದೆ ಆದ ತಪ್ಪು ಎಂದು ಬಹಳ ಕಾಲ ಸಮಾಧಾನ ಮಾಡಿಕೊಂಡಿದ್ದೆ. ಆದರೆ ಒಂದು ಸಂಗತಿ ಮಾತ್ರ ಮನಸ್ಸನ್ನು ಬಿಡಲಿಲ್ಲ. ಆ ಉಂಡೆ ಮಂಕಾಗಿ, ತರಿತರಿಯಾಗಿ ಇದ್ದುದನ್ನು ನಾನು ಕಂಡಿದ್ದೆ. ಉಸ್ತಾದರ ಬೆಸುಗೆ ಹೊಳೆಯುತ್ತಿತ್ತು, ನನ್ನದು ಹೊಳೆಯಲಿಲ್ಲ. ಇನ್ನೊಮ್ಮೆ ಕಾಯಿಸಲೇ ಎಂಬ ಯೋಚನೆ ಬಂದದ್ದೂ ನಿಜ. ಅಷ್ಟರಲ್ಲಿ ರೇಡಿಯೋ ಹಾಡಿತು, ನಾನು ಮುಚ್ಚಳ ಹಾಕಿದೆ. ಹಾಡದೆ ಹೋಗಿದ್ದರೆ ಖಂಡಿತ ಮತ್ತೆ ನೋಡುತ್ತಿದ್ದೆ. ನನ್ನ ಅನುಮಾನದ ಬಾಯಿ ಮುಚ್ಚಿಸಿದ್ದು ಆ ಹಾಡು.

ಇದು ಹುಡುಗನೊಬ್ಬನ ಹತ್ತು ರೂಪಾಯಿಯ ಕಥೆ ಎಂದು ನಾವು ನಗಬಹುದು. 2014ರ ಡಿಸೆಂಬರ್ 28ರಂದು ಸುರಬಯದಿಂದ ಸಿಂಗಾಪುರಕ್ಕೆ ಹೊರಟ ಏರ್‌ಏಷ್ಯಾ 8501 ವಿಮಾನ ಜಾವಾ ಸಮುದ್ರಕ್ಕೆ ಬಿದ್ದು 162 ಮಂದಿ ತೀರಿಕೊಂಡರು. ಮರುವರ್ಷ ಬಂದ ಇಂಡೋನೇಷ್ಯಾದ ತನಿಖಾ ವರದಿ ಹೇಳಿದ್ದೇನು? ವಿಮಾನದ ಬಾಲದ ಚುಕ್ಕಾಣಿಯನ್ನು ಮಿತಿಯಲ್ಲಿಡುವ ಒಂದು ಘಟಕದಲ್ಲಿ ಬೆಸುಗೆ ಬಿರುಕು ಬಿಟ್ಟಿತ್ತು. ಅದೊಂದರಿಂದಲೇ ವಿಮಾನ ಬೀಳಲಿಲ್ಲ. ಎಚ್ಚರಿಕೆಯ ಸಂದೇಶ ಮತ್ತೆ ಮತ್ತೆ ಬಂದಾಗ ಪೈಲಟ್‌ಗಳು ಮಾಡಿದ್ದೂ, ಆಮೇಲೆ ವಿಮಾನವನ್ನು ಹಿಡಿತಕ್ಕೆ ತರಲಾಗದೆ ಹೋದದ್ದೂ ಸೇರಿ ಆ ದುರಂತವಾಯಿತು. ಆದರೆ ಅದೇ ದೋಷ ಹಿಂದಿನ 12 ತಿಂಗಳಲ್ಲಿ 23 ಬಾರಿ ದಾಖಲಾಗಿತ್ತು. ಪ್ರತಿ ಸಲವೂ ಏನೋ ಒಂದು ಮಾಡಿದ ಮೇಲೆ ವಿಮಾನ ಮತ್ತೆ ಹಾರಿತ್ತು. ಅಲ್ಲಿಯೂ ರೇಡಿಯೋ ಹಾಡಿತ್ತು.

ಉರ್ದುವಿನಲ್ಲಿ ‘ಕಲಯಿ ಖುಲ್ ಗಯೀ’ ಎಂಬ ಮಾತಿದೆ. ತಾಮ್ರದ ಪಾತ್ರೆಗೆ ಹಾಕಿದ ಕಲಾಯಿ ಕಳಚಿತು, ಅಂದರೆ ಬಣ್ಣ ಬಯಲಾಯಿತು ಎಂದರ್ಥ. ಹೊಳಪೆಂದರೆ ಮೋಸ ಎಂಬ ಅನುಮಾನ ಆ ಮಾತಿನಲ್ಲಿದೆ. ನನ್ನ ಅನುಭವ ಇದಕ್ಕೆ ತಿರುಗಾಮುರುಗಾ. ಹಳೆಯ ತವರ-ಸೀಸದ ಬೆಸುಗೆಯಲ್ಲಿ ಹೊಳಪು ಒಳ್ಳೆಯ ಕೆಲಸದ ಗುರುತಾಗಿತ್ತು. 2006ರ ಜುಲೈಯಿಂದ ಯುರೋಪು ಹೆಚ್ಚಿನ ಎಲೆಕ್ಟ್ರಾನಿಕ್ ಸಾಮಾನುಗಳಲ್ಲಿ ಸೀಸವನ್ನು ನಿರ್ಬಂಧಿಸಿದ ಮೇಲೆ ತವರ, ಬೆಳ್ಳಿ, ತಾಮ್ರದ ಮಿಶ್ರಣ ಬಳಕೆಗೆ ಬಂತು. ಹಳೆಯದು 183 ಡಿಗ್ರಿಗೆ ಕರಗಿದರೆ ಇದಕ್ಕೆ ಸುಮಾರು 217 ಡಿಗ್ರಿ ಬೇಕು. ಇದರಲ್ಲಿ ಒಳ್ಳೆಯ ಬೆಸುಗೆಯೂ ಮಂಕಾಗಿಯೇ ಕಾಣುತ್ತದೆ. ಈಗ ಹೊಳಪನ್ನು ನಂಬುವಂತಿಲ್ಲ, ಮಂಕನ್ನು ದೂರುವಂತೆಯೂ ಇಲ್ಲ. ಅಂಚು ಲೋಹದ ಮೇಲೆ ಹರಡಿ ಹಿಡಿದಿದೆಯೇ ಎಂದು ಬಗ್ಗಿ ನೋಡಬೇಕು. ಹೊರಗಿನ ಗುರುತುಗಳು ಕಾಲಕ್ಕೆ ತಕ್ಕಂತೆ ಬದಲಾಗುತ್ತವೆ. ಬಗ್ಗಿ ನೋಡುವ ಕೆಲಸ ಮಾತ್ರ ತಪ್ಪುವುದಿಲ್ಲ.

ಉಸ್ತಾದ್ ಅಂದು ನನ್ನನ್ನು ಬಯ್ಯಲಿಲ್ಲ. ಹತ್ತು ರೂಪಾಯಿ ಹಿಂದೆ ಕೊಡಿಸಿದರು. ಮತ್ತೆ ಒಂದು ವಾರ ಯಾವ ರೇಡಿಯೋವನ್ನೂ ಮುಟ್ಟಲು ಬಿಡದೆ ಐರನ್ನಿನ ತುದಿಯನ್ನು ನೋಡಿಕೊಳ್ಳುವ ಕೆಲಸ ಹಚ್ಚಿದರು. ಒದ್ದೆ ಸ್ಪಂಜಿನಲ್ಲಿ ಒರೆಸಬೇಕು, ಸ್ಪಂಜು ತೊಟ್ಟಿಕ್ಕಬಾರದು. ಕಪ್ಪಾಯಿತೆಂದು ಅರದಿಂದ ಉಜ್ಜಬಾರದು. ಬರೀ ತಾಮ್ರದ ಹಳೆಯ ತುದಿಗಳನ್ನು ಉಜ್ಜಬಹುದಿತ್ತು, ಹೊಸವುಗಳ ಮೇಲೆ ಕಬ್ಬಿಣದ ತೆಳು ಲೇಪವಿದೆ. ಅದು ಹೋದರೆ ಒಳಗಿನ ತಾಮ್ರವನ್ನು ಕರಗಿದ ತವರವೇ ತಿಂದುಬಿಡುತ್ತದೆ. ಊಟಕ್ಕೆ ಮುಂಚೆ ಸಾಬೂನು ಹಚ್ಚಿ ಕೈ ತೊಳೆಯಬೇಕು, ಸೀಸ ವಿಷ. ಎಲ್ಲಕ್ಕಿಂತ ಮುಖ್ಯ, ರಾತ್ರಿ ಸ್ವಿಚ್ ಆರಿಸುವ ಮುಂಚೆ ತುದಿಗೆ ಹೊಸ ಸೀಸ ಹಚ್ಚಿಯೇ ಇಡಬೇಕು. ಇಲ್ಲದಿದ್ದರೆ ಬಿಸಿ ತುದಿಗೆ ಗಾಳಿ ತಾಗಿ ಪೊರೆ ಕಟ್ಟುತ್ತದೆ. ಆಮೇಲೆ ಅದು ಸೀಸವನ್ನು ಹಿಡಿಯುವುದಿಲ್ಲ, ಎಷ್ಟು ಕಾದರೂ ಕಾವನ್ನು ದಾಟಿಸುವುದಿಲ್ಲ.

ಆ ಕೊನೆಯ ಹನಿ ಸೀಸಕ್ಕೆ ಯಾವ ಗಿರಾಕಿಯೂ ಹಣ ಕೊಡುವುದಿಲ್ಲ. ಅದನ್ನು ಯಾರೂ ನೋಡುವುದೂ ಇಲ್ಲ. ನಾಳೆ ಬರಲಿರುವ, ಹೆಸರು ಗೊತ್ತಿಲ್ಲದ ಒಬ್ಬರ ಕೆಲಸಕ್ಕೆ ಇಂದೇ ಮಾಡಿಟ್ಟ ತಯಾರಿ ಅದು. ಆ ವಾರದಲ್ಲಿ ನಾನು ಕಲಿತದ್ದು ಬೆಸುಗೆಯನ್ನಲ್ಲ, ಇದನ್ನು.

ಹಳೆಯ ಕಾಲವೇ ಚೆನ್ನಾಗಿತ್ತು ಎಂದು ನಾನು ಹೇಳುವವನಲ್ಲ. ಎಲ್ಲವೂ ರಿಪೇರಿಯಾಗುವುದಿಲ್ಲ. ಇದು ನನ್ನ ಕೈಯಲ್ಲಿ ಆಗದು ಎಂದು ಹೇಳಿ ಕಳಿಸುವುದೂ ಪ್ರಾಮಾಣಿಕ ಕೆಲಸವೇ. ಆದರೆ ಮಾಡುತ್ತೇನೆಂದು ಕೈಗೆ ತೆಗೆದುಕೊಂಡ ವಸ್ತು ಅಮಾನತ್. ಅದು ಅಂಗಡಿಯಲ್ಲಿ ಸರಿಯಿದ್ದರೆ ಸಾಲದು, ಕಡಲಲ್ಲಿ ಸರಿಯಿರಬೇಕು.

ಕಥೆ ಬರೆಯುವ ನನಗೆ ಈಗ ಐರನ್ ಹಿಡಿಯುವ ಕೆಲಸ ಅಪರೂಪ. ಮನೆಯ ಟಾರ್ಚು, ಮಗಳ ಹೆಡ್‌ಫೋನು, ಅಷ್ಟೇ. ಹೆಡ್‌ಫೋನು ಹಾಡಿದ ಕೂಡಲೇ ಆಕೆ ಕೈ ಚಾಚುತ್ತಾಳೆ. ತಡಿ ಎನ್ನುತ್ತೇನೆ. ಬೆಸುಗೆ ಆರಿದ ಮೇಲೆ ತಂತಿಯನ್ನು ಮೆಲ್ಲನೆ ಒಮ್ಮೆ ಎಳೆದು ನೋಡಿ, ಆಮೇಲೆ ಮುಚ್ಚಳ ಹಾಕುತ್ತೇನೆ.